ಏಳು ತಲೆಮಾರಿನ ಕಾಲಂ

ಬುರುಲ್‌ಗೆ ಆ ವಾರ ಊಟವೇ ಸೇರಲಿಲ್ಲ. ಹೊಟ್ಟೆ ಸರಿಯಾಗಿಯೇ ಇತ್ತು, ಕೆಟ್ಟದ್ದು ಕಣ್ಣು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಳು ಓದುತ್ತಿದ್ದುದು ಸುಳ್ಳುಗಳನ್ನು, ಅದೂ ಸೋಮಾರಿಗಳು ಬರೆದ ಸುಳ್ಳುಗಳನ್ನು. ತಲೆ ಓಡಿಸಿ ಹೇಳಿದ ಸುಳ್ಳಿಗಾದರೆ ಒಂದಿಷ್ಟು ಮರ್ಯಾದೆ ಕೊಡಬಹುದು. ಇವು ಎಂಜಲು ಸುಳ್ಳುಗಳು. ಒಬ್ಬ ಉಗುಳಿದ್ದನ್ನು ಇನ್ನೊಬ್ಬ ಎತ್ತಿಕೊಂಡು ತನ್ನದೆಂದು ಅಂಟಿಸಿದ್ದ.

ಬಿಷ್ಕೆಕ್‌ನ ಒಂದು ಸರ್ಕಾರಿ ಕಚೇರಿಯ ಮೂರನೇ ಮಹಡಿಯಲ್ಲಿ ಅವಳ ಮೇಜು. ಹನ್ನೊಂದು ವರ್ಷದಿಂದ ಕೆಲಸ ಒಂದೇ, ನಕ್ಷೆಗಳ ಜೊತೆ ಬರುವ ಮಾಹಿತಿಪತ್ರಗಳನ್ನು ತಪಾಸಣೆ ಮಾಡುವುದು. ನಕ್ಷೆಯಲ್ಲಿ ಒಂದು ಚುಕ್ಕೆ ಇದ್ದರೆ ಅದನ್ನು ಯಾರು ಇಟ್ಟರು, ಯಾವಾಗ ಇಟ್ಟರು, ಯಾವ ಅಳತೆಯ ಪದ್ಧತಿಯಲ್ಲಿ, ಎಲ್ಲಿಂದ ತಿಳಿದು ಇಟ್ಟರು ಎನ್ನುವುದೆಲ್ಲ ಆ ಪತ್ರದಲ್ಲಿರಬೇಕು. ಅದಿಲ್ಲದ ಚುಕ್ಕೆ ನೊಣ ಕೂತೆದ್ದ ಗುರುತಿಗೆ ಸಮ. ಇದನ್ನು ಅವಳು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದಳು. ಅವರು ತಲೆಯಾಡಿಸಿ ಚಹಾ ಕುಡಿಯಲು ಹೋಗುತ್ತಿದ್ದರು.

ಈ ಸಲದ ಚುಕ್ಕೆಗಳು ಗುಂಡಿಗಳು. ಸೋವಿಯತ್ ಕಾಲದಲ್ಲಿ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ತಗುಲಿ ಸತ್ತ ಕುದುರೆ, ಕುರಿ, ದನಗಳನ್ನು ಹೂತ ಗುಂಡಿಗಳು. ದೇಶದ ತುಂಬ ಅಂಥವು ಎಷ್ಟೋ ಇದ್ದವು. ಆ ರೋಗದ ಬೀಜ ಮಣ್ಣೊಳಗೆ ತಲೆಮಾರುಗಟ್ಟಲೆ ಸಾಯದೆ ಮಲಗಿರುತ್ತದೆ. ಗುದ್ದಲಿ ತಗುಲಿದರೆ ಏಳುತ್ತದೆ. ಹಾಗಾಗಿ ಎಲ್ಲ ಗುಂಡಿಗಳನ್ನೂ ಒಂದು ಪೋರ್ಟಲ್‌ಗೆ ಹಾಕಬೇಕು, ಜಿಲ್ಲಾ ಭೂಕಚೇರಿಗಳು ಮನೆ ಕಟ್ಟಲು ಪರವಾನಗಿ ಕೊಡುವ ಮೊದಲು ಅದನ್ನು ನೋಡಬೇಕು ಎಂದು ಆದೇಶವಾಗಿತ್ತು. ವಸಂತದಿಂದ ಪೋರ್ಟಲ್ ಪ್ರಾಯೋಗಿಕವಾಗಿ ನಡೆಯುತ್ತಿತ್ತು. ಶುಕ್ರವಾರ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುವವರಿದ್ದರು.

ಜಿಲ್ಲೆಗಳಿಂದ ಬಂದ ಪತ್ರಗಳನ್ನು ನೋಡಿದರೆ ವಾಕರಿಕೆ ಬರಬೇಕು. ಒಂದು ಜಿಲ್ಲೆಯವರು ಅಕ್ಷಾಂಶದ ಜಾಗದಲ್ಲಿ ರೇಖಾಂಶ ಬರೆದು ತಮ್ಮ ಕುರಿಗಳನ್ನೆಲ್ಲ ಉತ್ತರ ಧ್ರುವದ ಹತ್ತಿರ ಸಮುದ್ರದೊಳಗೆ ಹೂತಿದ್ದರು. ಇನ್ನೊಂದರಲ್ಲಿ ಸಮೀಕ್ಷೆಯ ದಿನಾಂಕ ಇನ್ನೂ ಬಾರದ ವರ್ಷದ್ದು. ಹೊಣೆಗಾರರ ಫೋನ್ ನಂಬರ್ ಎಂಬಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಒಬ್ಬ ಮಹಾನುಭಾವ ಗುಂಡಿಯ ಸ್ಥಿತಿ ಎಂಬಲ್ಲಿ ‘ಚೆನ್ನಾಗಿದೆ, ದೇವರ ದಯೆ’ ಎಂದು ಬರೆದಿದ್ದ. ತಪಾಸಣೆಯ ತಂತ್ರಾಂಶ ಇದೆಲ್ಲಕ್ಕೂ ಹಸಿರು ದೀಪ ಹಾಕಿ ಪೋರ್ಟಲ್‌ಗೆ ಬಿಟ್ಟಿತ್ತು. ಅದಕ್ಕೆ ಕಾಲಂ ತುಂಬಿದ್ದರೆ ಸಾಕು, ಒಳಗೆ ಏನು ತುಂಬಿದೆ ಎನ್ನುವುದು ಬುರುಲ್‌ಳ ತಲೆನೋವು.

ಮೇಲಧಿಕಾರಿ ಸಾದಿರೋವಿಚ್ ದಿನಕ್ಕೆ ನಾಲ್ಕು ಸಲ ಬಂದು ಅವಳ ಹಿಂದೆ ನಿಲ್ಲುತ್ತಿದ್ದ. ತುಟಿಯೊಳಗೆ ಯಾವಾಗಲೂ ನಸ್ವಾಯ್ ತಂಬಾಕು ಒತ್ತಿಕೊಂಡಿರುತ್ತಿದ್ದ ಮನುಷ್ಯ, ಮಾತಾಡುವ ಮೊದಲು ಕಾರಿಡಾರಿನ ಹೂವಿನ ಕುಂಡಕ್ಕೆ ಹಸಿರಾಗಿ ಉಗುಳಿ ಬರುತ್ತಿದ್ದ. ಆ ಕುಂಡಕ್ಕೆ ನೀರು ಹಾಕುತ್ತಿದ್ದವಳು ಬುರುಲ್.

“ನೂರಕ್ಕೆ ಎಷ್ಟು ಹಸಿರಾಯ್ತು?” ಎಂದು ಕೇಳುತ್ತಿದ್ದ.

“ತೊಂಬತ್ತಾರು.”

“ನೂರು ಬೇಕು ಕಣಮ್ಮ. ಮಂತ್ರಿಗಳಿಗೆ ತೊಂಬತ್ತಾರು ಅಂತ ತೋರಿಸೋಕಾಗುತ್ತಾ? ನಾಲ್ಕು ಎಲ್ಲೋಯ್ತು ಅಂತಾರೆ.”

ಮಂಗಳವಾರ ಅವಳು ಸರಿ-ಬೆಲ್ ಜಿಲ್ಲೆಯ ಕಡತ ತೆರೆದಳು. ಮೂವತ್ತೆಂಟು ಗುಂಡಿ, ಮೂವತ್ತೆಂಟು ಪತ್ರ. ದಿನಾಂಕಗಳು ನೆಟ್ಟಗಿದ್ದವು, ಫೋನ್ ನಂಬರ್ ನಿಜವಾದ ನಂಬರಿನ ಹಾಗೆ ಕಾಣುತ್ತಿತ್ತು. ಯಾರೋ ಕೂತು ಬರೆದಿದ್ದಾರೆ ಅನ್ನಿಸಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ‘ಸಂಜಿರಾ’ ಎಂಬ ಕಾಲಂಗೆ ಬಂದಳು.

ಆ ಕಾಲಂ ಇರುವುದು ಚುಕ್ಕೆಯ ಮೂಲ ಬರೆಯಲಿಕ್ಕೆ, ಯಾವ ನಕ್ಷೆಯಿಂದ ಯಾರ ಯಾರ ಕೈ ದಾಟಿ ಅದು ಇಲ್ಲಿಗೆ ಬಂತು ಅಂತ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದಕ್ಕೆ ಇಟ್ಟ ಹೆಸರು ವಂಶ ಎಂಬ ಅರ್ಥ ಕೊಡುವಂಥದ್ದು. ನಮೂನೆಯನ್ನು ಕಿರ್ಗಿಜ್ ಭಾಷೆಗೆ ತಂದ ಪುಣ್ಯಾತ್ಮ ಹಿಂದೆ ಮುಂದೆ ನೋಡದೆ ಅದನ್ನು ಸಂಜಿರಾ ಎಂದು ಮಾಡಿದ್ದ. ಈ ದೇಶದಲ್ಲಿ ಸಂಜಿರಾ ಎಂದರೆ ಏನೆಂದು ಹಾಲುಹಲ್ಲಿನ ಮಗುವೂ ಬಲ್ಲದು. ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಳು ತಲೆಮಾರಿನ ಹೆಸರು ತಡವರಿಸದೆ ಹೇಳಬೇಕು; ಹೇಳಲಾರದವನಿಗೆ ಬಂಧುಗಳ ಮುಂದೆ ಮುಖವಿಲ್ಲ.

ಸರಿ-ಬೆಲ್‌ನ ಗುಮಾಸ್ತ ಮುಖ ಉಳಿಸಿಕೊಂಡಿದ್ದ. ‘ಅಸಂಕಾದಿರ್. ಇವನ ತಂದೆ ಬಾಜಾರ್ಕುಲ್. ಅವನ ತಂದೆ ತೊಕೊಬಾಯ್. ಅವನ ತಂದೆ ಚೊರೊ’ ಎಂದು ಶುರುವಾಗಿ ಏಳನೆಯವನವರೆಗೆ ಹೋಗಿತ್ತು. ಎರಡನೇ ಗುಂಡಿಗೂ ಅದೇ, ಮೂರನೆಯದಕ್ಕೂ ಅದೇ.

ಪಕ್ಕದ ಮೇಜಿನ ಮೀರ್ಗುಲ್ ಕುರ್ಚಿ ಎಳೆದುಕೊಂಡು ಬಂದು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಬುರುಲಕ್ಕ, ಈ ಯಪ್ಪ ನಕ್ಷೆ ಕಳಿಸಿದಾನೋ, ಹೆಣ್ಣು ಕೇಳೋಕೆ ಬಂದಿದಾನೋ! ಒಳ್ಳೇ ಮನೆತನ ಕಣೆ, ಒಪ್ಕೊಂಬಿಡು.”

“ಸತ್ತ ಕುದುರೆಗಳನ್ನ ವಧುದಕ್ಷಿಣೆಗೆ ತರ್ತಾನಾ?” ಎಂದಳು ಬುರುಲ್. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಅನುವಾದ ಮಾಡಿದ ಪುಣ್ಯಾತ್ಮ ಸಾದಿರೋವಿಚ್ಚೇ ಎಂದು ಇಡೀ ಮಹಡಿಗೆ ಗೊತ್ತಿತ್ತು. ನಗು ಅವನ ಕೋಣೆಯವರೆಗೂ ಹೋಯಿತು. ಅವನು ಬಾಗಿಲಲ್ಲಿ ನಿಂತು, “ಪದ ಸರಿಯಾಗೇ ಇದೆ, ಓದೋ ತಲೆ ಸರಿ ಇಲ್ಲ,” ಎಂದು ಹೇಳಿ ಒಳಗೆ ಹೋದ.

ಸಂಜೆಯ ಹೊತ್ತಿಗೆ ಅವಳು ಇಪ್ಪತ್ತಮೂರನೇ ಗುಂಡಿಗೆ ಬಂದಳು. ಊರು ಚೋಂಗ್-ತಾಲ್. ಅಲ್ಲಿ ಮಾತ್ರ ಬಾಜಾರ್ಕುಲ್ ಇರಲಿಲ್ಲ, ತೊಕೊಬಾಯ್ ಇರಲಿಲ್ಲ. ಹೀಗಿತ್ತು: ‘ಈ ಗುಂಡಿಯನ್ನು ತೋರಿಸಿದವನು ಶಾಯ್ಲೋಬೆಕ್. ಅವನಿಗೆ ತೋರಿಸಿದವನು ಅವನ ತಂದೆ ಸೂರಾಂಚಿ, ದನದ ಡಾಕ್ಟರರ ಸಹಾಯಕ, 1957ರಲ್ಲಿ ತಾನೇ ನಿಂತು ಹೂಳಿಸಿದವನು. ಅರವತ್ನಾಲ್ಕು ಕುದುರೆ. ಶಾಯ್ಲೋಬೆಕ್‌ಗೆ ಆಗ ಎಂಟು ವರ್ಷ, ಸುಣ್ಣ ತಂದುಕೊಟ್ಟಿದ್ದ. ಎರಡು ಪೋಪ್ಲರ್ ಮರಗಳಿಂದ ಕಾಲುವೆ ಕಡೆಗೆ ಮೂವತ್ತು ಹೆಜ್ಜೆ. ಏಳು ತಲೆಮಾರು ಬೇಕೆಂದು ಕೇಳಿದ್ದೀರಿ, ಇದಕ್ಕೆ ಎರಡೇ ಸಿಕ್ಕಿದವು, ಕ್ಷಮಿಸಬೇಕು.’

ಬುರುಲ್ ಅದನ್ನು ಮೂರು ಸಲ ಓದಿದಳು. ಹನ್ನೊಂದು ವರ್ಷದಲ್ಲಿ ಆ ಕಾಲಂನಲ್ಲಿ ಅವಳು ಕಂಡ ಮೊದಲ ಪ್ರಾಮಾಣಿಕ ಉತ್ತರ ಅದು. ಆಮೇಲೆ ಅದೇ ಪತ್ರದ ಅಕ್ಷಾಂಶ, ರೇಖಾಂಶ ಹಾಕಿ ಉಪಗ್ರಹದ ಚಿತ್ರದ ಮೇಲೆ ನೋಡಿದಳು. ಪೋಪ್ಲರ್ ಮರಗಳು ಕಾಲುವೆಯ ಈಚೆ ಇದ್ದವು. ಚುಕ್ಕೆ ಕಾಲುವೆಯ ಆಚೆ, ಕಲ್ಲುಗಳ ನಡುವೆ ಬಿದ್ದಿತ್ತು.

ಮರುದಿನ ಬೆಳಗ್ಗೆಯೇ ಅಸಂಕಾದಿರ್‌ಗೆ ಫೋನ್ ಮಾಡಿದಳು. ನಂಬರ್ ನಿಜದ್ದೇ ಆಗಿತ್ತು.

“ಸಂಜಿರಾ ಕಾಲಂ ವಿಷಯಕ್ಕೆ ಮಾಡಿದೆ,” ಎನ್ನುವಷ್ಟರಲ್ಲೇ ಅವನು ಗಾಬರಿಯಾದ. “ಯಾಕಕ್ಕ, ಹೆಸರು ತಪ್ಪಾಗಿದೆಯಾ? ಐದನೆಯೋರ ಹೆಸರಿನ ಬಗ್ಗೆ ನಮ್ಮ ದೊಡ್ಡಪ್ಪಂದಿರಲ್ಲೇ ಜಗಳ ಇದೆ. ನಾನು ಹಿರಿ ದೊಡ್ಡಪ್ಪನ ಮಾತಿನ ಪ್ರಕಾರ ಬರ್ದೆ.”

“ಹೆಸರು ಸರಿಯಾಗಿದೆ ಕಣಪ್ಪ. ಇಪ್ಪತ್ಮೂರನೇದಕ್ಕೆ ಮಾತ್ರ ನಿನ್ನ ವಂಶ ಯಾಕೆ ಬರೀಲಿಲ್ಲ?”

“ಬೇರೆವೆಲ್ಲ ಹಳೇ ನಕ್ಷೆ ನೋಡಿ ನಾನೇ ಹಾಕಿದ್ದು. ಇದನ್ನ ತೋರ್ಸಿದ್ದು ಶಾಯ್ಲೋಬೆಕ್ ಅಜ್ಜ. ಬೇರೆಯೋರ ಗುಂಡಿಗೆ ನಮ್ಮಪ್ಪನ ಹೆಸರು ಹಾಕೋಕಾಗುತ್ತಾ? ಆಮೇಲೆ ಆ ಅಜ್ಜ ಸುಮ್ನೆ ಬಿಡ್ತಾನಾ?”

“ಅಂಕಿ ಎಲ್ಲಿಂದ ತಗೊಂಡೆ?”

“ಅಂಕಿ ಮಾತ್ರ ಹಳೇ ಸೋವಿಯತ್ ನಕ್ಷೇದೇ. ಅದ್ರಲ್ಲೂ ಅದೇ ಗುಂಡಿ ಗುರುತು ಹಾಕಿದ್ರು.”

ಬುರುಲ್ ಪರದೆಯ ಮೇಲಿನ ಚುಕ್ಕೆಯನ್ನು ಮತ್ತೆ ನೋಡಿದಳು. ಹಳೇ ಸೋವಿಯತ್ ನಕ್ಷೆಯ ಅಳತೆಯ ಪದ್ಧತಿಯೇ ಬೇರೆ, ಇವತ್ತಿನ ಉಪಗ್ರಹದ ಪದ್ಧತಿಯೇ ಬೇರೆ. ಅದರ ಅಂಕಿಯನ್ನು ಇದರೊಳಗೆ ಹಾಗೇ ತುರುಕಿದರೆ ಈ ಭಾಗದಲ್ಲಿ ಚುಕ್ಕೆ ಅರವತ್ತು ಮೀಟರಿಗೂ ಹೆಚ್ಚು ಪೂರ್ವಕ್ಕೆ ಜರುಗುತ್ತದೆ. “ಮತ್ತೆ ಅಳತೆ ಪದ್ಧತಿ ಅನ್ನೋ ಕಡೆ ಉಪಗ್ರಹದ್ದು ಅಂತ ಯಾಕೆ ಬರ್ದೆ?”

“ನಾನೆಲ್ಲಿ ಬರ್ದೆ ಅಕ್ಕ! ನಿಮ್ಮ ನಮೂನೇಲೇ ಬರೆದು ಬಂದಿತ್ತು. ಬದಲಾಯ್ಸೋಣ ಅಂತ ಒತ್ತಿದ್ರೆ ಬೀಗ ಹಾಕಿತ್ತು.”

ಹೌದು, ಬೀಗ ಹಾಕಿತ್ತು. ಹಾಕಿಸಿದವಳು ಬುರುಲ್. ಎರಡು ವರ್ಷದ ಹಿಂದೆ ಎಲ್ಲ ಜಿಲ್ಲೆಯವರೂ ಆ ಕಾಲಂ ಖಾಲಿ ಬಿಟ್ಟು ಕೆಂಪು ದೀಪ ಹತ್ತಿಸುತ್ತಿದ್ದರು. ಆಗ ಸಭೆಯಲ್ಲಿ ಎದ್ದು ನಿಂತು, ಮೊದಲೇ ತುಂಬಿಸಿ ಬೀಗ ಹಾಕಿಬಿಡೋಣ, ತಪ್ಪುಗಳು ಅರ್ಧಕ್ಕೆ ಇಳಿಯುತ್ತವೆ ಎಂದವಳು ಅವಳೇ. ಇಳಿದವು ಕೂಡ. ಸಾದಿರೋವಿಚ್ ಎದ್ದು ಚಪ್ಪಾಳೆ ತಟ್ಟಿದ್ದ, ಅವಳು ಕೆಂಪೇರಿ ಕೂತಿದ್ದಳು. ಅವನ ಸಂಜಿರಾ ನೋಡಿ ಮಹಡಿಯೆಲ್ಲ ನಕ್ಕಿತು. ಆ ತಪ್ಪಿನಿಂದ ಯಾರ ಕೂದಲೂ ಕೊಂಕುವುದಿಲ್ಲ. ಅವಳ ತಪ್ಪು ಯಾರಿಗೂ ಕಾಣದ ಹಾಗೆ ಹಸಿರಾಗಿ ಉರಿಯುತ್ತಿತ್ತು. ಬುರುಲ್‌ಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

“ಆ ಪೋಪ್ಲರ್ ಹತ್ರ ಈಗ ಏನಿದೆ?” ಎಂದು ಕೇಳಿದಳು.

“ಬರೀ ಹುಲ್ಲು. ಶಿಶುವಿಹಾರ ಕಟ್ತಾರೆ. ಶುಕ್ರವಾರ ಅಗೆಯೋ ಯಂತ್ರ ಬರುತ್ತೆ.”

“ಗುಂಡಿ ಅಲ್ಲೇ ಇದೆ ಅಂತ ನೀನು ಹೇಳ್ಲಿಲ್ವಾ?”

“ಹೇಳ್ದೆ. ಅಜ್ಜನೂ ಕೋಲು ಕುಟ್ಟಿ ಹೇಳ್ದ. ಭೂಕಚೇರಿಯೋರು ನಿಮ್ಮ ಪೋರ್ಟಲ್ ತೋರ್ಸಿದ್ರು, ನೋಡಿ ಕಾಲುವೆ ಆಚೆ ಇದೆ ಅಂತ. ಅಜ್ಜಂಗೆ ವಯಸ್ಸಾಯ್ತಲ್ಲ, ನಾನೂ ಅಂದ್ಕೊಂಡೆ, ಬಿಷ್ಕೆಕ್‌ನೋರಿಗೆ ತಿಳೀದೆ ಇರುತ್ತಾ ಅಂತ.”

ಮಧ್ಯಾಹ್ನ ಅಸಂಕಾದಿರ್ ಅಜ್ಜನನ್ನು ಕರೆದುಕೊಂಡು ಹೋಗಿ, ಅವನು ಕೋಲು ಊರಿದ ಜಾಗದಲ್ಲಿ ನಿಂತು ತನ್ನ ಫೋನಿನಲ್ಲಿ ಕಂಡ ಅಂಕಿಗಳನ್ನು ಓದಿ ಹೇಳಿದ. ಬುರುಲ್ ಹಳೇ ನಕ್ಷೆಯ ಅಂಕಿಗಳನ್ನು ಹೊಸ ಪದ್ಧತಿಗೆ ಸರಿಯಾಗಿ ಬದಲಾಯಿಸಿ ಎರಡನ್ನೂ ಪಕ್ಕಪಕ್ಕ ಇಟ್ಟಳು. ಐದು ಮೀಟರ್ ವ್ಯತ್ಯಾಸ. ಮುದುಕನ ನೆನಪೂ ಸೋವಿಯತ್ ನಕ್ಷೆಯೂ ಒಂದೇ ಗುಂಡಿಗೆ ಬೆರಳು ತೋರಿಸುತ್ತಿದ್ದವು, ಶಿಶುವಿಹಾರ ಕಟ್ಟುವ ಜಾಗದ ನಡುವಿಗೆ.

ಗುರುವಾರ ಬೆಳಗ್ಗೆ ಅವಳು ಸಾದಿರೋವಿಚ್‌ನ ಕೋಣೆಗೆ ಹೋದಳು. ಅವನು ಹಿಂದಿನ ದಿನದ ಕುರಿಮಾಂಸವನ್ನು ಡಬ್ಬಿಯಿಂದ ತಿನ್ನುತ್ತಿದ್ದ. ಹೆಪ್ಪುಗಟ್ಟಿದ ಬಿಳಿ ಕೊಬ್ಬು ಅವನ ಹೆಬ್ಬೆರಳಿಗೆ ಮೆತ್ತಿತ್ತು. ಅವಳು ನಿಂತೇ ಎಲ್ಲ ಹೇಳಿದಳು. ನಮೂನೆಯ ಬೀಗ ತನ್ನ ತಪ್ಪು ಎಂದೂ ಹೇಳಿದಳು.

ಅವನು ಬೆರಳು ನೆಕ್ಕಿದ. “ಎಷ್ಟು ಮೀಟರು?”

“ಅರವತ್ತು, ಅರವತ್ತೈದು.”

“ಆಡು ಎರಡು ಸಲ ನೆಗೆದ್ರೆ ದಾಟೋ ದೂರ. ನಾಳೆ ಮಂತ್ರಿಗಳು ಬರ್ತಾರೆ, ನೀನು ಆಡಿನ ಲೆಕ್ಕ ಹೇಳ್ತಿದೀಯ.”

“ಶಿಶುವಿಹಾರದ ಅಡಿಪಾಯ ಅಗೀತಾರೆ ಸಾರ್. ಅರವತ್ನಾಲ್ಕು ಕುದುರೆ ಇದೆ ಕೆಳಗೆ.”

“ಇದೆ ಅಂತ ಯಾರು ಹೇಳಿದ್ದು? ಎಂಟು ವರ್ಷದವನಿದ್ದಾಗ ಸುಣ್ಣ ಹೊತ್ತ ಮುದುಕ. ಅಂಥದ್ದು ಮಾನದಂಡದಲ್ಲಿ ಎಲ್ಲಿದೆ ತೋರ್ಸು. ನೋಡು, ಆ ಸಂಜಿರಾ ಕಾಲಂ ಎಲ್ಲ ಅಳಿಸಿ ಒಂದೇ ಒಂದು ವಾಕ್ಯ ಹಾಕಿಸ್ಬಿಡು, ದೇಶದ ಎಲ್ಲಾ ಗುಂಡಿಗೂ. ‘ಸೋವಿಯತ್ ಕಾಲದ ನಕ್ಷೆಯ ಆಧಾರದಿಂದ.’ ಮಾನದಂಡ ಕೇಳೋದು ವಾಕ್ಯ. ಸತ್ಯ ಕೇಳಲ್ಲ.”

“ತಪಾಸಣೆ ಮಾಡಿದವರು ಅನ್ನೋ ಕಡೆ ನನ್ನ ಹೆಸರಿದೆ.”

“ಇರ್ಲಿ ಬಿಡು, ಒಳ್ಳೇ ಹೆಸರು,” ಎಂದು ಅವನು ಡಬ್ಬಿಯ ಮುಚ್ಚಳ ಹಾಕಿದ.

ಬುರುಲ್ ವಾಪಸು ಬಂದು ಕೂತಳು. ಅವಳ ಕೈಯಲ್ಲಿ ಒಂದು ಅಧಿಕಾರ ಇತ್ತು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಳಸಿರಲಿಲ್ಲ; ತಪ್ಪು ಕಂಡರೆ ಫೋನ್ ಮಾಡಿ ಸರಿ ಮಾಡಿಸಿಕೊಳ್ಳುತ್ತಿದ್ದಳು, ಅಷ್ಟೇ. ತಪಾಸಣೆ ಮಾಡುವವಳಾಗಿ ಅವಳು ಯಾವ ಪತ್ರವನ್ನಾದರೂ ತಿರಸ್ಕರಿಸಬಹುದಿತ್ತು. ಇಪ್ಪತ್ತಮೂರನೇ ಪತ್ರ ತೆರೆದು, ‘ಅಳತೆಯ ಪದ್ಧತಿ ತಪ್ಪು, ಸ್ಥಾನ ತಪ್ಪು’ ಎಂದು ಕಾರಣ ಬರೆದು ಒತ್ತಿದಳು. ಹಸಿರು ಹೋಗಿ ಕೆಂಪು ಬಂತು. ಎದೆ ಹಗುರಾಯಿತು. ಎಷ್ಟೋ ದಿನದ ಮೇಲೆ ಒಂದು ಚೊಕ್ಕ ಕೆಲಸ ಮಾಡಿದೆ ಎಂದುಕೊಂಡು, ಸರಿ-ಬೆಲ್‌ನ ಭೂಕಚೇರಿಗೆ ಫೋನ್ ಮಾಡಿದಳು.

ಎತ್ತಿದ ಹೆಂಗಸಿನ ದನಿ ಬಹಳ ಸಿಹಿಯಾಗಿತ್ತು. “ಚೋಂಗ್-ತಾಲ್ ಶಿಶುವಿಹಾರನಾ? ಇರಿ ಅಕ್ಕ, ನೋಡ್ತೀನಿ… ಅಯ್ಯೋ, ಇಲ್ಲಿ ಗುಂಡಿನೇ ಇಲ್ವಲ್ಲ! ಬೆಳಗ್ಗೆ ಕಾಲುವೆ ಆಚೆ ಒಂದಿತ್ತು. ಈಗ ಪೂರ್ತಿ ಚೊಕ್ಕವಾಗಿದೆ.”

“ಚೊಕ್ಕ ಅಲ್ಲ, ನಾನು ತಿರಸ್ಕರಿಸಿದೀನಿ. ಕೆಂಪು ಹಾಕಿದೀನಿ.”

“ಕೆಂಪಾಗಿರೋದು ನಮಗೆ ಕಾಣೋದೇ ಇಲ್ವಲ್ಲ ಅಕ್ಕ. ಪಾಸಾಗಿದ್ದು ಮಾತ್ರ ಕಾಣೋದು. ಒಳ್ಳೇದೇ ಆಯ್ತು ಬಿಡಿ, ಪಕ್ಕದಲ್ಲಿ ಗುಂಡಿ ಇದೆ ಅಂತ ಬೇಲಿ ಹಾಕ್ಸಬೇಕಿತ್ತು, ಆ ಖರ್ಚೂ ಉಳೀತು.”

“ಅಮ್ಮಾ, ಗುಂಡಿ ಇರೋದು ನೀವು ಅಗೆಯೋ ಜಾಗದಲ್ಲೇ. ನಿಲ್ಲಿಸಿ ಅಂತ ಹೇಳ್ತಿದೀನಿ.”

“ಫೋನಲ್ಲಿ ಹೇಳಿದ್ದನ್ನ ನಾನು ಕಡತದಲ್ಲಿ ಹೇಗೆ ಇಡ್ಲಿ? ಪೋರ್ಟಲ್‌ನಲ್ಲಿ ತೋರ್ಸಿ, ಈಗ್ಲೇ ನಿಲ್ಲಿಸ್ತೀನಿ. ದೇವರಾಣೆ ನಿಲ್ಲಿಸ್ತೀನಿ.”

ಬುರುಲ್ ಫೋನ್ ಇಟ್ಟಳು. ಅವಳು ಮಾಡಿದ ಚೊಕ್ಕ ಕೆಲಸದಿಂದ ಇದ್ದ ತಪ್ಪು ಗುಂಡಿಯೂ ಮಾಯವಾಗಿ ಅರವತ್ನಾಲ್ಕು ಕುದುರೆಗಳು ಭೂಮಿಯಿಂದಲೇ ಅಳಿಸಿಹೋಗಿದ್ದವು. ಪಶುವೈದ್ಯ ಇಲಾಖೆಗೆ ಮಾಡಿದಳು. ಅಲ್ಲಿ ಒಬ್ಬ, ಬರವಣಿಗೆಯಲ್ಲಿ ಕೊಟ್ಟರೆ ಮೂವತ್ತು ದಿನದೊಳಗೆ ಉತ್ತರ ಕೊಡುತ್ತೇವೆ ಎಂದ. ಯಂತ್ರ ಬರುವುದು ಮಾರನೇ ದಿನ.

ಹೀಗೇ ಜರುಗಿ ಕೂತ ಮಿಕ್ಕ ಗುಂಡಿಗಳ ಮಾತು ಆಮೇಲೆ; ಈಗ ಉಳಿದದ್ದು ಒಂದೇ ದಾರಿ, ಈ ಗುಂಡಿಯನ್ನು ಸರಿಯಾದ ಜಾಗದಲ್ಲಿ ಪಾಸು ಮಾಡಬೇಕು. ಅಸಂಕಾದಿರ್ ಓದಿ ಹೇಳಿದ ಅಂಕಿಗಳನ್ನು ಹಾಕಿದಳು. ಸಂಜಿರಾ ಕಾಲಂನಲ್ಲಿ ಶಾಯ್ಲೋಬೆಕ್, ಸೂರಾಂಚಿ, ಗುಮಾಸ್ತನ ಫೋನು ಎಲ್ಲವನ್ನೂ ನಿಜವಾಗಿ ಬರೆದಳು. ಸ್ಥಾನ ಬದಲಾದ್ದರಿಂದ ತಂತ್ರಾಂಶ ಆಧಾರ ಕೇಳಿತು, ಕೆಂಪು ತೋರಿಸಿತು. ಸ್ಥಾನ ಬದಲಾಯಿಸಲು ಒಪ್ಪುವ ಆಧಾರ ಒಂದೇ: ಪರವಾನಗಿ ಇರುವ ಸಮೀಕ್ಷಕರು ಪರವಾನಗಿ ಇರುವ ಉಪಕರಣದಿಂದ ಜಾಗಕ್ಕೇ ಹೋಗಿ ಅಳೆದಿರಬೇಕು. ಮುದುಕನ ಕೋಲಿಗೂ ಗುಮಾಸ್ತನ ಫೋನಿಗೂ ಪರವಾನಗಿ ಇರಲಿಲ್ಲ. ಬುರುಲ್‌ಗೆ ಇತ್ತು. ಸೇರಿದ ವರ್ಷ ತೆಗೆದುಕೊಂಡದ್ದು, ಒಂದು ಸಲವೂ ಅಳತೆಗೆಂದು ಹೊರಗೆ ಹೋದವಳಲ್ಲ.

ಅವಳು ಎದ್ದು ಹೋಗಿ ಬೀರುವಿನಲ್ಲಿದ್ದ ಉಪಕರಣದ ನಂಬರ್ ಬರೆದುಕೊಂಡು ಬಂದಳು. ಅದರ ಬ್ಯಾಟರಿ ಕಳೆದ ಚಳಿಗಾಲದಲ್ಲೇ ಸತ್ತಿತ್ತು. ಸಂಜಿರಾ ಕಾಲಂನಲ್ಲಿ ಬರೆದದ್ದನ್ನೆಲ್ಲ ಅಳಿಸಿದಳು. ‘ಕ್ಷೇತ್ರ ಸಮೀಕ್ಷೆ’ ಎಂದು ಬರೆದಳು. ದಿನಾಂಕ ನಿನ್ನೆಯದು. ಸಮೀಕ್ಷಕರು ಎಂಬಲ್ಲಿ ತನ್ನ ಹೆಸರು, ತಪಾಸಣೆ ಮಾಡಿದವರು ಎಂಬಲ್ಲೂ ತನ್ನ ಹೆಸರು. ಒತ್ತಿದಳು.

ತಕ್ಷಣ ಹಸಿರು ಬಂತು. ಆ ಪತ್ರದಲ್ಲಿ ಒಂದು ಕುಂದಿರಲಿಲ್ಲ. ಉತ್ತರ ಧ್ರುವದಲ್ಲಿ ಕುರಿ ಹೂತವರ ಹಸಿರಿಗೂ ಅವಳ ಹಸಿರಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಇರಲಿಲ್ಲ. ವ್ಯತ್ಯಾಸ ಇದೆ, ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹೋಗಿ ಕೈ ತೊಳೆದಳು, ಬಂದು ಕೂತವಳು ಮತ್ತೊಮ್ಮೆ ಎದ್ದು ಹೋಗಿ ತೊಳೆದಳು. ಸಾದಿರೋವಿಚ್ ಹಿಂದೆ ಬಂದು ನಿಂತು ಪರದೆ ನೋಡಿ, “ಹಾಂ, ಹೀಗೆ ದಾರಿಗೆ ಬಾ,” ಎಂದ.

ಶುಕ್ರವಾರ ಮಧ್ಯಾಹ್ನ ಕೆಳಗಿನ ಸಭಾಂಗಣದಲ್ಲಿ ಮಂತ್ರಿಗಳ ಭಾಷಣ ನಡೆಯುತ್ತಿದ್ದಾಗ ಅಸಂಕಾದಿರ್‌ನ ಫೋನ್ ಬಂತು. ಬುರುಲ್ ಹೊರಗಿನ ಮೆಟ್ಟಿಲ ಮೇಲೆ ನಿಂತು ಎತ್ತಿದಳು.

“ನಿಲ್ಲಿಸಿದ್ರು ಅಕ್ಕ! ಯಂತ್ರ ಬಂದಿತ್ತು, ಹಂಗೇ ವಾಪಸ್ ಹೋಯ್ತು. ಶಿಶುವಿಹಾರ ಮಸೀದಿ ಹಿಂದುಗಡೆ ಕಟ್ತಾರಂತೆ. ಇಲ್ಲಿ ಕಾಂಕ್ರೀಟ್ ಹಾಕಿ ಬೇಲಿ ಹಾಕ್ತಾರಂತೆ.”

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಒಳ್ಳೇದಾಯ್ತಪ್ಪ,” ಎಂದಳು.

“ಒಳ್ಳೇದೇನೋ ಆಯ್ತು. ಆದ್ರೆ ನನಗೆ ಬೇಜಾರಾಗಿದೆ.” ಅವನ ದನಿ ನಿಜವಾಗಿಯೂ ಸಣ್ಣಗಾಗಿತ್ತು. “ನನ್ನ ಫೋನ್ ನಂಬ್ದೆ ನೀವೇ ಬಂದು ಅಳೆದ್ರಿ, ಅದು ಬಿಡಿ, ನಿಮ್ಮ ಕೆಲಸ. ಆದ್ರೆ ಇಷ್ಟು ದೂರ ನಮ್ಮೂರಿಗೆ ಬಂದು ಮನೆ ಬಾಗಿಲಿಗೆ ಬಾರದೆ ಹೋದ್ರಲ್ಲ? ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕ್ಕೊಂಡು ಹೋಗಿದ್ರೆ ಏನಾಗ್ತಿತ್ತು? ನನ್ನ ಹೆಂಡ್ತಿ ಆಡ್ಕೋತಿದಾಳೆ, ನಿಮ್ಮನೆ ಮರ್ಯಾದೆ ಇಷ್ಟೇನಾ ಅಂತ.”

“ನಾನು ಬಂದೆ ಅಂತ ಯಾರು ಹೇಳಿದ್ರು?”

“ಪೋರ್ಟಲ್‌ನಲ್ಲೇ ಇದೆಯಲ್ಲ, ಬುಧವಾರ ಅಂತ. ನಾನು ಬೆಳಗಿಂದ ಸಂಜೆ ತನಕ ಅಲ್ಲೇ ಓಡಾಡ್ತಿದ್ದೆ, ಅದು ಹೇಗೆ ನನ್ನ ಕಣ್ಣಿಗೆ ಬೀಳ್ಲಿಲ್ವೋ. ಶಾಯ್ಲೋಬೆಕ್ ಅಜ್ಜನ್ನ ಕೇಳ್ದೆ. ಅವನು ನೋಡಿದ್ನಂತೆ. ಪೋಪ್ಲರ್ ಹತ್ರ ಯಂತ್ರ ಇಟ್ಕೊಂಡು ನಿಂತಿದ್ರಂತೆ, ಕೆಂಪು ಕೋಟು ಹಾಕ್ಕೊಂಡು. ಬೆಳಗಿಂದ ಅದನ್ನೇ ಹೇಳ್ತಿದಾನೆ ಎಲ್ಲರಿಗೂ. ಹೌದಾ ಅಕ್ಕ, ಅದು ನೀವೇ ತಾನೆ?”

ಬುರುಲ್ ಹತ್ತಿರ ಕೆಂಪು ಕೋಟು ಇರಲಿಲ್ಲ, ಎಂದೂ ಇರಲಿಲ್ಲ. ಇಡೀ ದೇಶದ ಆ ಎಲ್ಲ ಪತ್ರಗಳಲ್ಲಿ ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಮುದುಕ.

“ಹೌದು,” ಎಂದಳು. “ಅದು ನಾನೇ. ತಪ್ಪಾಯ್ತು, ಅವಸರದಲ್ಲಿದ್ದೆ.”